ನಾಲ್ಕನೇ ಫೋಟೋದ ನಂತರ

ಗಜೇಂದ್ರಗಡದ ಗುಡ್ಡಸಾಲಿನ ಬಳಿ, ಲಕ್ಕಲಕಟ್ಟಿ ಸುತ್ತಿನ ಹಳ್ಳಿಯೊಂದರ ಆಶ್ರಯ ಮನೆಯಲ್ಲಿ ಕೂತಿದ್ದೆ. ಮನೆಯೊಡತಿ ಎಪ್ಪತ್ತು ದಾಟಿದ ಅಜ್ಜಿ. ಗೋಡೆಯ ಗೂಡಿನಿಂದ ಹಳೆಯದೊಂದು ಎಣ್ಣೆ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಒಳಗೆ ಸಿಮೆಂಟಿನ ಚೂರು, ಖಡಿ, ಉಸುಕು. ‘ದಿನಾ ಮುಂಜಾನಿ ಕಸ ಹೊಡದ್ರ ಒಂದು ಬೊಗಸಿ ಬರತೈತಿ ಯಪ್ಪಾ. ಸಾಹೇಬ್ರು ಯಾರರ ಬಂದ್ರ ತೋರಸೂಣಂತ ತುಂಬಿಟ್ಟೀನಿ’ ಎಂದರು. ತಲೆ ಎತ್ತಿ ನೋಡಿದೆ. ಹಾಸಿಗೆಯಷ್ಟು ಅಗಲಕ್ಕೆ ಸ್ಲ್ಯಾಬಿನ ಕೆಳಪದರು ಕಳಚಿತ್ತು. ಜಂಗು ಹಿಡಿದು ಉಬ್ಬಿದ ಕಬ್ಬಿಣದ ಸರಳುಗಳು ಹೊರಗೆ ಬಂದಿದ್ದವು. ಅಜ್ಜಿ ತಮ್ಮ ಹೊರಸನ್ನು ಬಾಗಿಲ ಬದಿಯ ಗೋಡೆಗೆ ಒತ್ತಿ ಹಾಕಿಕೊಂಡಿದ್ದರು. ಆ ಮೂಲೆಯಲ್ಲಿ ಮಾತ್ರ ಛಾವಣಿ ಇನ್ನೂ ಗಟ್ಟಿ ಇದೆಯಂತೆ.

ಹೊರಗೋಡೆಯ ಮೇಲೆ ಯೋಜನೆಯ ಹೆಸರು ಅರ್ಧ ಅಳಿಸಿ ಅರ್ಧ ಉಳಿದಿತ್ತು. ಸರ್ಕಾರದ ಪುಸ್ತಕದಲ್ಲಿ ಈ ಮನೆಯ ಲೆಕ್ಕ ಎಂದೋ ಮುಗಿದಿದೆ. ‘ಪೂರ್ಣಗೊಂಡಿದೆ’ ಎಂಬುದೇ ಅದರ ಬಗ್ಗೆ ಬರೆದ ಕೊನೆಯ ಮಾತು.

ನನ್ನ ವಾದ ಇಷ್ಟೇ. ಮನೆ ಕಟ್ಟಲು ನಮ್ಮಲ್ಲಿ ಯೋಜನೆಗಳಿವೆ, ನಿಗಮವಿದೆ, ಗುರಿ ಇದೆ, ಹಣವೂ ಇದೆ. ಕಟ್ಟಿದ ಮನೆಯನ್ನು ಉಳಿಸಿಕೊಳ್ಳಲು ಯೋಜನೆಯೂ ಇಲ್ಲ, ಹಣವೂ ಇಲ್ಲ, ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ತೀರ್ಮಾನವೂ ಇಲ್ಲ. ಇದು ಒಂದು ಪಂಚಾಯ್ತಿಯ ತಪ್ಪಲ್ಲ. ವಸತಿ ಎಂದರೆ ಕಟ್ಟುವುದು ಮಾತ್ರ ಎಂದು ನಲವತ್ತು ವರ್ಷಗಳಿಂದ ನಾವು ಒಪ್ಪಿಕೊಂಡು ಬಂದಿದ್ದೇವೆ. ಆ ತಿಳಿವಳಿಕೆಯಲ್ಲೇ ತಪ್ಪಿದೆ.

ನಮ್ಮ ಕಡೆ ಜನ ಕೇಳುವ ಪ್ರಶ್ನೆಯನ್ನೇ ನೋಡಿ: ‘ಈ ಸಲ ನಮ್ಮೂರಿಗೆ ಎಷ್ಟು ಮನಿ ಬಂದಾವ?’ ಮಳೆ ಬಂದ ಹಾಗೆ ಮನೆ ಬರುತ್ತವೆ. ಎಷ್ಟು ಬರಬೇಕು, ಯಾವಾಗ ಬರಬೇಕು ಎಂಬುದು ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ತೀರ್ಮಾನವಾಗುತ್ತದೆ. ಊರಿಗೆ ಉಳಿಯುವುದು ಹೆಸರು ಆರಿಸುವ ಜಗಳ. 1985ರಲ್ಲಿ ಇಂದಿರಾ ಆವಾಸ್ ಬಂತು. 1991-92ರಲ್ಲಿ ಬಂಗಾರಪ್ಪನವರ ಸರ್ಕಾರ ಆಶ್ರಯ ಯೋಜನೆ ತಂದಿತು. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಆಮೇಲೆ ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, 2016ರಿಂದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ. ಹಳೆಯ ಜನತಾ ಮನೆಗಳಂತೂ ಇನ್ನೂ ಹಿಂದಿನವು. ಇವತ್ತಿಗೂ ಎಷ್ಟೋ ಊರುಗಳಲ್ಲಿ ಒಂದು ಓಣಿಗೆ ‘ಜನತಾ ಪ್ಲಾಟ್’ ಎಂದೇ ಹೆಸರು. ಲಕ್ಷಾಂತರ ಬಡ ಕುಟುಂಬಗಳಿಗೆ ತಲೆಯ ಮೇಲೆ ಸೂರು ಕೊಟ್ಟ ಈ ಕೆಲಸ ಸಣ್ಣದಲ್ಲ, ಅದನ್ನು ಹಗುರ ಮಾಡಿ ಮಾತಾಡುವವನು ನಾನಲ್ಲ.

ಆದರೆ ಈ ಯೋಜನೆಗಳ ಹಣ ಹರಿಯುವ ಬಗೆ ನೋಡಿ. ಫಲಾನುಭವಿ ಪಾಯ ಹಾಕಿ ಫೋಟೋ ತೆಗೆಸಬೇಕು. ಜಿಪಿಎಸ್ ಗುರುತಿನೊಂದಿಗೆ ಅದು ನಿಗಮಕ್ಕೆ ಹೋದ ಮೇಲೆ ಮೊದಲ ಕಂತು. ಲಿಂಟಲ್ ಮಟ್ಟಕ್ಕೆ ಬಂದಾಗ ಎರಡನೆಯ ಫೋಟೋ, ಛಾವಣಿಗೆ ಮೂರನೆಯದು, ಮನೆ ಪೂರ್ಣವಾದಾಗ ನಾಲ್ಕನೆಯದು. ನಡುವೆ ಗುತ್ತಿಗೆದಾರ ಇಲ್ಲ, ಹಣ ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಕಳ್ಳತನ ತಡೆಯಲು ಒಳ್ಳೆಯ ವ್ಯವಸ್ಥೆ. ಆದರೆ ನಾಲ್ಕನೇ ಫೋಟೋದ ನಂತರ ಆ ಮನೆಯನ್ನು ಸರ್ಕಾರದ ಕಡೆಯ ಯಾರೂ ನೋಡುವುದಿಲ್ಲ. ಐದು ವರ್ಷಕ್ಕೆ, ಹತ್ತು ವರ್ಷಕ್ಕೆ ಐದನೆಯ ಫೋಟೋ ಒಂದಿದ್ದರೆ ನಮ್ಮ ವಸತಿ ನೀತಿಯೇ ಬೇರೆಯಾಗುತ್ತಿತ್ತು.

ಇನ್ನೊಂದು ತೊಡಕು ಇದಕ್ಕಿಂತ ಕಠಿಣವಾದದ್ದು. ಹಿಂದೆ ಒಮ್ಮೆ ವಸತಿ ಸೌಲಭ್ಯ ಪಡೆದ ಕುಟುಂಬಕ್ಕೆ ಮತ್ತೆ ಸೌಲಭ್ಯ ಇಲ್ಲ. ಪಕ್ಕಾ ಮನೆ ಇದ್ದವರು ಪ್ರಧಾನಮಂತ್ರಿ ಆವಾಸ್ ಪಟ್ಟಿಗೆ ಸೇರುವ ಹಾಗಿಲ್ಲ. ಗೋಡೆ, ಛಾವಣಿ ಕಚ್ಚಾ ಇದ್ದರೆ ಮಾತ್ರ ಅರ್ಹತೆ. ಒಂದೇ ಕುಟುಂಬ ಎರಡೆರಡು ಸಲ ಉಣ್ಣಬಾರದು ಎಂಬ ನಿಯಮ ನ್ಯಾಯವಾದದ್ದೇ. ಆದರೆ ಅಜ್ಜಿಯ ಮನೆಗೆ ಅದು ಏನು ಮಾಡುತ್ತದೆ? ಸ್ಲ್ಯಾಬ್ ಉದುರುತ್ತಿದ್ದರೂ ಸಮೀಕ್ಷೆಯವರ ಕಣ್ಣಿಗೆ ಅದು ಸ್ಲ್ಯಾಬೇ, ಆದ್ದರಿಂದ ಮನೆ ಪಕ್ಕಾ. ಅವರ ಹೆಸರು ಹಳೆಯ ಫಲಾನುಭವಿಗಳ ಪಟ್ಟಿಯಲ್ಲಿದೆ, ಆದ್ದರಿಂದ ಹೊಸ ಮನೆ ಇಲ್ಲ. ದುರಸ್ತಿಗೆ ಯೋಜನೆಯೇ ಇಲ್ಲ. ಗುಡಿಸಲಿನಲ್ಲಿದ್ದಿದ್ದರೆ ಸರ್ಕಾರದ ಬಾಗಿಲು ತಟ್ಟಲು ಅವರಿಗೊಂದು ದಾರಿ ಇರುತ್ತಿತ್ತು. ಸರ್ಕಾರವೇ ಕೊಟ್ಟ ಮನೆಯಲ್ಲಿರುವುದರಿಂದ ಆ ದಾರಿಯೂ ಮುಚ್ಚಿದೆ.

ನಡುವೆ ಕೆಲವು ವರ್ಷ ಹೀಗಿರಲಿಲ್ಲ. ಇಂದಿರಾ ಆವಾಸ್‌ನಲ್ಲಿ 1999-2000ದಿಂದ ಒಟ್ಟು ಹಣದ ಶೇ 20ರಷ್ಟನ್ನು ಇದ್ದ ಮನೆಗಳನ್ನು ಸುಧಾರಿಸಲು ಎತ್ತಿಡುತ್ತಿದ್ದರು. ಒಂದು ಮನೆಗೆ ಮೊದಲು 10,000 ರೂಪಾಯಿ, ಆಮೇಲೆ 12,500, 2008ರಿಂದ 15,000. ಸಣ್ಣ ಮೊತ್ತ ನಿಜ, ಬಳಕೆಯಲ್ಲಿ ಲೋಪಗಳೂ ಇದ್ದವು. ಆದರೂ ಇರುವ ಮನೆಯನ್ನು ಸರಿಪಡಿಸುವುದೂ ಸರ್ಕಾರದ ಕೆಲಸವೇ ಎಂಬ ಒಪ್ಪಿಗೆ ಅದರಲ್ಲಿತ್ತು. 2016ರಲ್ಲಿ ಯೋಜನೆಯ ಹೆಸರು ಬದಲಾದಾಗ ಆ ಭಾಗ ಹೊರಟೇ ಹೋಯಿತು. ಹೊಸ ಮನೆಗಳ ಸಂಖ್ಯೆಯೊಂದೇ ಸಾಧನೆಯ ಅಳತೆಗೋಲಾಗಿ ಉಳಿಯಿತು.

ಕಟ್ಟಲು ಕೊಡುವ ಹಣವೂ ನೆಟ್ಟಗೆ ಸಾಲುವುದಿಲ್ಲ. ಆ ಕೊರತೆಯೇ ಮುಂದೆ ಸೋರಿಕೆಯಾಗಿ ಇಳಿಯುತ್ತದೆ. ಬಯಲುಸೀಮೆಯ ಹಳ್ಳಿಗೆ ಪ್ರಧಾನಮಂತ್ರಿ ಆವಾಸ್‌ನ ನೆರವು 1.20 ಲಕ್ಷ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು, ಅಂದರೆ ಸುಮಾರು 270 ಚದರ ಅಡಿ. ಭಾಗಿಸಿದರೆ ಚದರ ಅಡಿಗೆ 445 ರೂಪಾಯಿ ಆಸುಪಾಸು. ಉದ್ಯೋಗ ಖಾತ್ರಿಯ 90 ದಿನದ ಕೂಲಿ, ಶೌಚಾಲಯದ 12,000 ಸೇರಿಸಿದರೂ ಗಜೇಂದ್ರಗಡದಲ್ಲಾಗಲಿ ರೋಣದಲ್ಲಾಗಲಿ ಆ ದರಕ್ಕೆ ಗಟ್ಟಿ ಸ್ಲ್ಯಾಬಿನ ಮನೆ ಏಳುವುದಿಲ್ಲ. ಈ 1.20 ಲಕ್ಷ 2016ರಲ್ಲಿ ನಿಗದಿಯಾದದ್ದು. 2024ರಲ್ಲಿ ಇನ್ನೂ ಎರಡು ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟಾಗಲೂ ಅದೇ ಮೊತ್ತ ಉಳಿಯಿತು. ಈ ನಡುವೆ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 2016-17ರ 224 ರೂಪಾಯಿಯಿಂದ 2025-26ಕ್ಕೆ 370ಕ್ಕೆ ಏರಿತು. ಕೂಲಿ ಶೇ 65ರಷ್ಟು ಏರಿದ್ದನ್ನು ಸರ್ಕಾರವೇ ಒಪ್ಪಿದೆ, ಆದರೆ ಅದೇ ಕೂಲಿಯಿಂದ ಏಳಬೇಕಾದ ಮನೆಯ ಬೆಲೆ ಏರಿದೆ ಎಂದು ಒಪ್ಪಿಲ್ಲ. ಉಳಿದ ಹಣಕ್ಕೆ ಜನ ಸಂಘದ ಸಾಲ, ಕೈಗಡ, ಮಾರಿದ ಎಮ್ಮೆ, ಒತ್ತೆಯಿಟ್ಟ ಬೆಂಡೋಲೆ ಹುಡುಕುತ್ತಾರೆ. ಅದೂ ಸಾಲದಾದಾಗ ಕಬ್ಬಿಣ ಸಣ್ಣದಾಗುತ್ತದೆ, ಸಿಮೆಂಟು ಕಡಿಮೆಯಾಗುತ್ತದೆ.

ಅಜ್ಜಿಯ ಡಬ್ಬಿಯ ಚೂರುಗಳ ಹಿಂದೆ ಇಂಥದೇ ಕಾರಣಗಳಿರುತ್ತವೆ. ಸ್ಲ್ಯಾಬಿನ ಕಬ್ಬಿಣದ ಕೆಳಗೆ ಕನಿಷ್ಠ ಎರಡು ಸೆಂಟಿಮೀಟರ್ ಕಾಂಕ್ರೀಟ್ ಇರಬೇಕು. ಅದಕ್ಕಾಗಿ ಸರಳುಗಳನ್ನು ಸಣ್ಣ ಸಿಮೆಂಟ್ ಬಿಲ್ಲೆಗಳ ಮೇಲೆ ಎತ್ತಿಡಬೇಕು. ಅವಸರದಲ್ಲಿ ಸರಳು ಹಲಗೆಗೇ ಅಂಟಿಕೊಂಡರೆ ಕೆಲವೇ ವರ್ಷಗಳಲ್ಲಿ ತೇವ ತಗುಲಿ ಜಂಗು ಹಿಡಿಯುತ್ತದೆ. ಜಂಗು ಹಿಡಿದ ಕಬ್ಬಿಣ ಉಬ್ಬಿ ಕೆಳಪದರನ್ನು ಒಡೆದು ಹೊರದೂಡುತ್ತದೆ. ಇನ್ನು ನೀರಿನ ಮಾತು. ಸ್ಲ್ಯಾಬ್ ಹಾಕಿದ ಮೇಲೆ ಏಳರಿಂದ ಹತ್ತು ದಿನ ಮಡಿ ಕಟ್ಟಿ ನೀರು ನಿಲ್ಲಿಸಬೇಕು. ನಮ್ಮಲ್ಲಿ ಮನೆ ಕಟ್ಟುವುದೇ ಸುಗ್ಗಿ ಮುಗಿದ ಮೇಲೆ, ಬೇಸಿಗೆಯಲ್ಲಿ. ಕುಡಿಯುವ ನೀರಿಗೇ ಕೊಡ ಹಿಡಿದು ಪಾಳಿ ನಿಲ್ಲುವ ತಿಂಗಳುಗಳಲ್ಲಿ ಸ್ಲ್ಯಾಬಿಗೆ ಯಾರು ನೀರು ಕುಡಿಸುತ್ತಾರೆ? ಎರಡು ದಿನ ಸಿಂಪಡಿಸಿ ಬಿಡುತ್ತಾರೆ. ಫೋಟೋದಲ್ಲಿ ಸ್ಲ್ಯಾಬ್ ಕಾಣುತ್ತದೆ, ಅದಕ್ಕೆ ನೀರು ಬಿದ್ದಿದೆಯೋ ಇಲ್ಲವೋ ಕಾಣುವುದಿಲ್ಲ.

ನೆಲವೂ ಒಂದು ಕಾರಣ. ಗಜೇಂದ್ರಗಡದ ಗುಡ್ಡದ ಬದಿ ಮಸಾರಿ, ಗರಸು ನೆಲ. ರೋಣ, ನರಗುಂದದತ್ತ ಇಳಿದರೆ ಎರಿ, ಅಂದರೆ ಕಪ್ಪು ನೆಲ. ಮಳೆಗಾಲದಲ್ಲಿ ಎರಿ ಮಣ್ಣು ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ಎರಡು ಅಡಿ ಪಾಯ ತೋಡಿ ಗೋಡೆ ಎಬ್ಬಿಸಿದರೆ ಮೂರನೆಯ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆ ಬಿರುಕು ಶುರು. ಎರಿ ನೆಲಕ್ಕೆ ಎಂಥ ಪಾಯ ಬೇಕು ಎಂಬುದನ್ನು ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ ದಶಕಗಳ ಹಿಂದೆಯೇ ತೋರಿಸಿಕೊಟ್ಟಿದೆ. ನೆಲದಾಳದ ಗಟ್ಟಿ ಪದರಕ್ಕೆ ಇಳಿದು, ಬುಡ ಅಗಲವಾಗುವ ಕಂಬಗಳ ಪಾಯ ಅದು. ಆದರೆ ನೆರವಿನ ಮೊತ್ತ ಮಸಾರಿಗೂ ಒಂದೇ, ಎರಿಗೂ ಒಂದೇ. ಗುಡ್ಡಗಾಡಿಗೆ ಹತ್ತು ಸಾವಿರ ಹೆಚ್ಚು ಕೊಡಲು ಬರುತ್ತದಾದರೆ ಎರಿ ನೆಲದ ಪಾಯಕ್ಕೆ ಯಾಕೆ ಬರುವುದಿಲ್ಲ? ನರಗುಂದದ ರೈತನ ಈ ಪ್ರಶ್ನೆಯನ್ನು ಯಾವ ಮಾರ್ಗಸೂಚಿಯೂ ಕೇಳಿಸಿಕೊಂಡಿಲ್ಲ.

ಇಲ್ಲೊಂದು ಹಳೆಯ ತಿಳಿವಳಿಕೆ ನೆನಪಾಗುತ್ತದೆ. ನಮ್ಮ ಅಜ್ಜಂದಿರ ಮಾಳಿಗೆ ಮನೆಗಳಿಗೆ ದಪ್ಪ ಮಣ್ಣಿನ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ ಇರುತ್ತಿದ್ದವು. ಆ ಮನೆ ಪ್ರತಿವರ್ಷ ಆರೈಕೆ ಕೇಳುತ್ತಿತ್ತು. ಮುಂಗಾರಿಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹೊತ್ತು ಹಾಕಿ, ತುಳಿದು, ನೀರು ಹರಿಯಲು ಓಟ ಕೊಟ್ಟು, ದೋಣಿ ಸರಿ ಮಾಡುತ್ತಿದ್ದರು. ಹಬ್ಬಕ್ಕೆ ಸುಣ್ಣ, ನೆಲಕ್ಕೆ ಸಾರಣೆ. ಯಾವ ಮಣ್ಣು ನೀರು ಹಿಡಿಯುತ್ತದೆ, ಯಾವುದು ಬಿಡುತ್ತದೆ ಎಂಬುದು ಮನೆಯ ಹೆಂಗಸರಿಗೆ ಗೊತ್ತಿತ್ತು. ಬೇಸಾಯದ ಕೆಲಸಗಳ ಜೊತೆಗೇ ಮನೆಯ ದುರಸ್ತಿಯೂ ವರ್ಷದ ಲೆಕ್ಕದಲ್ಲಿ ಕೂಡಿಕೊಂಡಿತ್ತು. ಆ ಮನೆಗಳಲ್ಲಿ ಸುಖವೇ ಇತ್ತು ಎಂದು ಹೇಳುತ್ತಿಲ್ಲ. ಜಡಿಮಳೆಗೆ ಗೋಡೆ ಕುಸಿದು ಜನ ಸತ್ತಿದ್ದಾರೆ, ಈಗಲೂ ಸಾಯುತ್ತಾರೆ. ಬಡವರು ಸ್ಲ್ಯಾಬಿನ ಮನೆ ಬಯಸುವುದು ಸರಿಯಾಗಿಯೇ ಇದೆ. ಆದರೆ ಸ್ಲ್ಯಾಬ್ ಬಂದಾಗ ಒಂದು ನಂಬಿಕೆಯೂ ಜೊತೆಗೆ ಬಂತು: ಒಮ್ಮೆ ಹಾಕಿದರೆ ಮುಗಿಯಿತು, ಇನ್ನು ನೋಡಬೇಕಾಗಿಲ್ಲ. ಕಾಂಕ್ರೀಟಿಗೂ ಆರೈಕೆ ಬೇಕು. ಮಣ್ಣಿನ ಮನೆಯ ಆರೈಕೆ ಮನೆಯವರ ಕೈಯಲ್ಲಿತ್ತು, ಕಾಸು ಬೇಡುತ್ತಿರಲಿಲ್ಲ. ಕಾಂಕ್ರೀಟಿನ ಆರೈಕೆಗೆ ಗೌಂಡಿ ಬೇಕು, ಸಿಮೆಂಟ್ ಬೇಕು, ರೊಕ್ಕ ಬೇಕು. ಬಡವರಿಗೆ ಹೊಸ ಬಗೆಯ ಮನೆ ಕೊಟ್ಟೆವು, ಅದನ್ನು ಕಾಪಾಡುವ ಶಕ್ತಿಯನ್ನು ಕೊಡಲಿಲ್ಲ.

ಮನೆ ಬಿದ್ದರೆ ಮಾತ್ರ ಹಣ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳ ನೆರೆ ಹೊಳಿಸಾಲಿನ ಊರುಗಳನ್ನು ಅಲ್ಲಾಡಿಸಿತು. ಆಗ ‘ಆಸರೆ’ ಹೆಸರಿನಲ್ಲಿ ದಾನಿಗಳ ನೆರವಿನಿಂದ ಎತ್ತರದ ಜಾಗಗಳಲ್ಲಿ ಹೊಸ ಮನೆಗಳೆದ್ದವು. ಹೊಲ ದೂರ, ದನ ಕಟ್ಟಲು ಜಾಗವಿಲ್ಲ ಎಂದು ಎಷ್ಟೋ ಕುಟುಂಬಗಳು ಅಲ್ಲಿಗೆ ಹೋಗಲಿಲ್ಲ. ಖಾಲಿ ಮನೆಗಳ ಸುತ್ತ ಜಾಲಿಕಂಟಿ ಬೆಳೆಯಿತು. ಹತ್ತು ವರ್ಷದ ಮೇಲೆ, 2019ರ ಆಗಸ್ಟ್‌ನಲ್ಲಿ, ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿಯ ಕಡೆ ಮತ್ತೆ ನುಗ್ಗಿದಾಗ, ಆಸರೆ ಮನೆಗಳ ಬೀಗ ತೆಗೆದು ಹೊಕ್ಕವರಿಗೆ ಸಿಕ್ಕಿದ್ದು ಹತ್ತು ವರ್ಷ ಯಾರೂ ನೋಡದ ಗೋಡೆಗಳು. ಆ ವರ್ಷ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ವಿಪತ್ತು ನಿಧಿಯ ನಿಯಮದಲ್ಲಿದ್ದದ್ದು 95,100 ರೂಪಾಯಿ ಮಾತ್ರ. ಸಂತ್ರಸ್ತರಿಗೆ ಅಷ್ಟು ಕೊಟ್ಟದ್ದು ಮಾನವೀಯ ತೀರ್ಮಾನ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ನನ್ನ ಪ್ರಶ್ನೆ ಬೇರೆ. ಬಿದ್ದ ಮೇಲೆ ಐದು ಲಕ್ಷ ಕೊಡಬಲ್ಲ ಸರ್ಕಾರ, ಬೀಳುವ ಮುಂಚೆ ಇಪ್ಪತ್ತು ಸಾವಿರ ಯಾಕೆ ಕೊಡಲಾರದು? ಈಗಿನ ಪದ್ಧತಿಯಲ್ಲಿ ಶಿಥಿಲ ಮನೆಯ ಬಡವನಿಗೆ ಇರುವ ಒಂದೇ ಆಸೆ, ಮನೆ ಪೂರ್ತಿ ಬೀಳಲಿ, ಯಾರಿಗೂ ಏನೂ ಆಗದಿರಲಿ ಎಂಬುದು. ಒಬ್ಬ ಮನುಷ್ಯನನ್ನು ಹೀಗೆ ಹಾರೈಸುವ ಸ್ಥಿತಿಗೆ ತರಬಾರದು.

ದೊಡ್ಡ ಊರುಗಳಲ್ಲಿ ಇದೇ ಅಲಕ್ಷ್ಯ ಇನ್ನೂ ಕ್ರೂರವಾಗುತ್ತದೆ, ಯಾಕೆಂದರೆ ಅಲ್ಲಿ ನೆಲಕ್ಕೆ ಬೆಲೆ ಇದೆ. ಬೆಂಗಳೂರಿನ ಈಜಿಪುರದಲ್ಲಿ ಮಹಾನಗರ ಪಾಲಿಕೆ 1990ರ ದಶಕದ ಆರಂಭದಲ್ಲಿ ಬಡವರಿಗಾಗಿ ವಸತಿ ಸಮುಚ್ಚಯ ಕಟ್ಟಿತು. ನಿರ್ವಹಣೆ ಇಲ್ಲದೆ ಕಟ್ಟಡಗಳು ಹತ್ತೇ ವರ್ಷಗಳಲ್ಲಿ ಕುಸಿಯತೊಡಗಿದವು. ಆಮೇಲೆ ಮರುನಿರ್ಮಾಣದ ಹೆಸರಿನಲ್ಲಿ ಖಾಸಗಿ ಸಹಭಾಗಿತ್ವ ಬಂತು, ನೆಲದ ಒಂದು ಭಾಗ ವಾಣಿಜ್ಯ ಕಟ್ಟಡಕ್ಕೆ ಎಂದಾಯಿತು. 2013ರ ಜನವರಿಯಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಿದರು. ಎಷ್ಟೋ ಮಂದಿ ವರ್ಷಗಟ್ಟಲೆ ಅಲ್ಲೇ ಪಾದಚಾರಿ ಮಾರ್ಗದ ಮೇಲೆ ಬದುಕಿದರು. ಮನೆಯ ದುರಸ್ತಿ ಕೈಬಿಟ್ಟಲ್ಲಿ ಬಡವರು ಕೊನೆಗೆ ಮನೆಯ ಜೊತೆ ನೆಲವನ್ನೂ ಕಳೆದುಕೊಳ್ಳುತ್ತಾರೆ ಎಂಬುದಕ್ಕೆ ಈಜಿಪುರಕ್ಕಿಂತ ದೊಡ್ಡ ಸಾಕ್ಷಿ ನಮ್ಮ ರಾಜ್ಯದಲ್ಲಿ ಬೇಕಿಲ್ಲ.

ಬೇರೆ ದಾರಿಗಳಿವೆ. ಮುಂಬಯಿಯಲ್ಲಿ ಹಳೆಯ ಚಾಳುಗಳು ಮಳೆಗಾಲದಲ್ಲಿ ಕುಸಿಯುವುದನ್ನು ನೋಡಿ ನೋಡಿ, 1969ರಲ್ಲಿ ಕಾಯ್ದೆ ಮಾಡಿ ದುರಸ್ತಿಗೆಂದೇ ಒಂದು ಮಂಡಳಿ ಸ್ಥಾಪಿಸಿದರು. ಹಳೆಯ ಕಟ್ಟಡಗಳ ಮೇಲೆ ದುರಸ್ತಿ ಸೆಸ್ ಹಾಕಿ, ಸರ್ಕಾರದ ಹಣವನ್ನೂ ಸೇರಿಸಿ ಅದರಿಂದ ಕೆಲಸ ಮಾಡಿಸಿದರು. ಆ ಮಂಡಳಿಯ ಕೆಲಸದಲ್ಲಿ ಕೊರತೆಗಳು ಬಹಳ, ಈಗಲೂ ಅಲ್ಲಿ ಚಾಳುಗಳು ಬೀಳುತ್ತವೆ. ಆದರೆ ದುರಸ್ತಿಗೆ ಪ್ರತ್ಯೇಕ ಹಣ, ಪ್ರತ್ಯೇಕ ಹೊಣೆ ಬೇಕು ಎಂಬ ಮಾತನ್ನು ಕಾಯ್ದೆಯಲ್ಲಿ ಬರೆದರಲ್ಲ, ಅದು ದೊಡ್ಡದು. 1956ರ ತನಕ ನಮ್ಮ ರೋಣ ತಾಲ್ಲೂಕೂ ಮುಂಬಯಿ ರಾಜ್ಯದಲ್ಲೇ ಇತ್ತು. ಅಲ್ಲಿಂದ ನಾವು ಉತಾರ, ಠರಾವು ಎಂಬ ಮಾತುಗಳನ್ನು ಉಳಿಸಿಕೊಂಡಿದ್ದೇವೆ, ಈ ಪಾಠವನ್ನೂ ತರಿಸಿಕೊಳ್ಳಬಹುದು.

ಸಿಂಗಪುರದ ಪದ್ಧತಿ ಇನ್ನೂ ಕಲಿಯುವಂಥದ್ದು. ಅಲ್ಲಿನ ವಸತಿ ಮಂಡಳಿ 1960ರಲ್ಲಿ ಹುಟ್ಟಿದ್ದು, ಬಹುಪಾಲು ಜನ ಅದು ಕಟ್ಟಿದ ಮನೆಗಳಲ್ಲೇ ಇದ್ದಾರೆ. ಮನೆಗಳು ಹಳತಾದಾಗ 2007ರಲ್ಲಿ ಮನೆಯೊಳಗಿನ ಸುಧಾರಣೆಗೆಂದೇ ಒಂದು ಕಾರ್ಯಕ್ರಮ ತಂದರು. ಕಟ್ಟಡದ ಶೇ 75ರಷ್ಟು ಅರ್ಹ ಮನೆಯವರು ಮತ ಹಾಕಿ ಒಪ್ಪಿದರೆ ಮಾತ್ರ ಕೆಲಸ. ಅಗತ್ಯ ಕೆಲಸಗಳ ಖರ್ಚನ್ನು ಅಲ್ಲಿನ ನಾಗರಿಕರಿಗೆ ಸರ್ಕಾರವೇ ಪೂರ್ತಿ ಭರಿಸುತ್ತದೆ. ಬಚ್ಚಲಿನ ಸುಧಾರಣೆಯಂಥ ಐಚ್ಛಿಕ ಕೆಲಸಕ್ಕೆ ಮನೆಯವರು ಮನೆಯ ಗಾತ್ರ ನೋಡಿ ಶೇ 5ರಿಂದ 12.5ರವರೆಗೆ ಕೊಡುತ್ತಾರೆ. ಸರ್ಕಾರವೇ ಭರಿಸುವ ಆ ಅಗತ್ಯ ಕೆಲಸಗಳಲ್ಲಿ ಒಂದು ಯಾವುದು ಗೊತ್ತೇ? ಜಂಗು ಹಿಡಿದ ಕಬ್ಬಿಣದಿಂದ ಉದುರುವ ಛಾವಣಿಯ ಕಾಂಕ್ರೀಟ್ ಸರಿಪಡಿಸುವುದು. ಅಜ್ಜಿಯ ಡಬ್ಬಿಯಲ್ಲಿದ್ದದ್ದು ಅದೇ ರೋಗದ ಚೂರುಗಳು. ಸಿಂಗಪುರದ ಶ್ರೀಮಂತಿಕೆ ನಮಗಿಲ್ಲ ಎಂದು ಹೇಳಬಹುದು. ನಾನು ಅವರ ಹಣ ಕೇಳುತ್ತಿಲ್ಲ. ಕೊಟ್ಟ ಮನೆಯ ಹೊಣೆ ಕೊಟ್ಟವನಿಗೂ ಇದೆ ಎಂಬ ಅವರ ನಿಲುವನ್ನು ಕೇಳುತ್ತಿದ್ದೇನೆ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತಿವೆ. ಹಕ್ಕುಪತ್ರ ಕೊಟ್ಟ ಮೇಲೆ ಮನೆ ಅವರದು, ದುರಸ್ತಿ ಅವರೇ ಮಾಡಿಕೊಳ್ಳಲಿ ಎನ್ನುತ್ತಾರೆ. ಮಾಡಿಕೊಳ್ಳುವ ಶಕ್ತಿ ಇದ್ದವರು ಮಾಡಿಕೊಂಡೇ ಇದ್ದಾರೆ. ಸುಣ್ಣಬಣ್ಣ ಕಂಡ, ಮೇಲೊಂದು ಕೋಣೆ ಎದ್ದ ಆಶ್ರಯ ಮನೆಗಳು ಪ್ರತಿ ಊರಲ್ಲೂ ಇವೆ. ಮಾತಿರುವುದು ಶಕ್ತಿ ಇಲ್ಲದವರ ಬಗ್ಗೆ: ವಿಧವೆಯರು, ದುಡಿಯುವ ಮಕ್ಕಳು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದ ಮನೆಗಳ ಮುದುಕರು, ಅಂಗವಿಕಲರು.

ಮನೆಯೇ ಇಲ್ಲದವರ ಪಟ್ಟಿ ಇಷ್ಟುದ್ದ ಇರುವಾಗ ದುರಸ್ತಿ ಎಲ್ಲಿಂದ ಎಂಬುದು ಎರಡನೆಯ ಮಾತು, ಇದಕ್ಕೆ ತೂಕವಿದೆ. ಲೆಕ್ಕಕ್ಕೆಂದು ಒಂದು ಪಂಚಾಯ್ತಿಯಲ್ಲಿ ಸರ್ಕಾರ ಕೊಟ್ಟ 500 ಮನೆಗಳಿವೆ ಎಂದುಕೊಳ್ಳೋಣ. ಹತ್ತು ವರ್ಷಕ್ಕೊಮ್ಮೆ ಪ್ರತಿ ಮನೆಯ ಪಾಳಿ ಬರುವಂತೆ ವರ್ಷಕ್ಕೆ 50 ಮನೆ, ಒಂದಕ್ಕೆ 24,000 ರೂಪಾಯಿ. ಒಟ್ಟು 12 ಲಕ್ಷ. ಅಂದರೆ ಹತ್ತು ಹೊಸ ಮನೆಯ ನೆರವು. ಹತ್ತು ಕುಟುಂಬಕ್ಕೆ ಹೊಸ ಮನೆ ಬೇಡ ಎನ್ನುತ್ತಿಲ್ಲ, ಅದು ಬೇಕೇ ಬೇಕು. ಆದರೆ ಆ ಹತ್ತು ಕಟ್ಟುವಷ್ಟರಲ್ಲಿ ಇತ್ತ ಹತ್ತು ವಾಸಕ್ಕೆ ಬಾರದಂತಾದರೆ ಊರಿನ ಸೂರಿನ ಲೆಕ್ಕ ಒಂದಿಷ್ಟೂ ಮುಂದೆ ಹೋಗಿರುವುದಿಲ್ಲ.

ಮೂರನೆಯ ಆಕ್ಷೇಪ ಯಾರೂ ಗಟ್ಟಿಯಾಗಿ ಹೇಳದ್ದು: ದುರಸ್ತಿ ಎಂದರೆ ತಿನ್ನಲು ಸುಲಭ. ಹೊಸ ಮನೆಯನ್ನು ಎಣಿಸಬಹುದು, ತೇಪೆಯನ್ನು ಎಣಿಸುವುದು ಕಷ್ಟ. ಈ ಭಯ ಸುಳ್ಳಲ್ಲ. ಆದ್ದರಿಂದಲೇ ಈ ಹಣ ಗುತ್ತಿಗೆಯವರ ಕೈಗೆ ಹೋಗಬಾರದು. ಹೊಸ ಮನೆಗೆ ಇರುವ ಹಾಗೆಯೇ ಕೆಲಸಕ್ಕೆ ಮುಂಚಿನ ಫೋಟೋ, ನಂತರದ ಫೋಟೋ, ನೇರ ಖಾತೆಗೆ ಹಣ ಇರಲಿ. ಯಾರ ಮನೆಗೆ ಎಷ್ಟು ಎಂಬ ಪಟ್ಟಿಯನ್ನು ಗ್ರಾಮ ಸಭೆಯಲ್ಲಿ ಓದಲಿ, ಮುಂದಿನ ಮಳೆ ಕಳೆದ ಮೇಲೆ ಸೋರಿತೋ ಇಲ್ಲವೋ ಎಂದು ಅದೇ ಸಭೆಯಲ್ಲಿ ಕೇಳಲಿ. ಸೋರುವ ಮನೆಯನ್ನು ಸೋರುತ್ತಿಲ್ಲ ಎಂದು ಓಣಿಯವರ ಎದುರು ಹೇಳಲು ಯಾರಿಗೂ ಆಗುವುದಿಲ್ಲ.

ಹಣ ಎಲ್ಲಿಂದ ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಕೇಂದ್ರ ಹಳೆಯ ಶೇ 20ರ ಪಾಲನ್ನು ಮರಳಿ ತರಬೇಕು, ಅದು ದೊಡ್ಡ ಹೋರಾಟ. ಅಲ್ಲಿಯ ತನಕ ಕಾಯಬೇಕಾಗಿಲ್ಲ. ಗ್ರಾಮ ಪಂಚಾಯ್ತಿಗಳು ಸ್ವಂತ ಆದಾಯದಲ್ಲಿ ಶೇ 25ನ್ನು ಪರಿಶಿಷ್ಟರಿಗೆ, ಶೇ 5ನ್ನು ಅಂಗವಿಕಲರಿಗೆ ಮೀಸಲಿಡುತ್ತವೆ. ಪುರಸಭೆಗಳಲ್ಲಿ ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂಬ ಲೆಕ್ಕವಿದೆ. ಈ ಹಣ ವರ್ಷಾಂತ್ಯದಲ್ಲಿ ಸೋಲಾರ್ ದೀಪಕ್ಕೋ ನೀರಿನ ಡ್ರಮ್ಮಿಗೋ ಖರ್ಚಾಗುವುದನ್ನು ಕಂಡಿದ್ದೇನೆ. ಅದನ್ನು ಛಾವಣಿಗೆ ತಿರುಗಿಸುವ ಅನುಮತಿಯನ್ನು ಸರ್ಕಾರ ಒಂದು ಸ್ಪಷ್ಟ ಸುತ್ತೋಲೆಯಲ್ಲಿ ಕೊಟ್ಟರೆ ಎಷ್ಟೋ ಪಂಚಾಯ್ತಿಗಳಲ್ಲಿ ಈ ವರ್ಷವೇ ಕೆಲಸ ಶುರುವಾಗಬಹುದು.

ಇನ್ನೊಂದು ಮೂಲ ನಮ್ಮ ಮಣ್ಣಿನದೇ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ, ದೇಶದ ಮೊದಲನೆಯದು ಎಂದು ಹೆಸರಾದ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. ಬೀಜಗೊಬ್ಬರಕ್ಕೆ ಸಾಹುಕಾರನ ಬಾಗಿಲಿಗೆ ಹೋಗುವುದು ತಪ್ಪಲಿ ಎಂದು ಹುಟ್ಟಿದ ಪದ್ಧತಿ ಅದು. ಇವತ್ತು ಪ್ರತಿ ಊರಲ್ಲೂ ಮಹಿಳಾ ಸ್ವಸಹಾಯ ಸಂಘಗಳಿವೆ, ವಾರವಾರ ಉಳಿತಾಯ ಕಟ್ಟುತ್ತವೆ, ಸಾಲ ತೀರಿಸುವುದರಲ್ಲಿ ಅವರ ಶಿಸ್ತು ಎಲ್ಲರಿಗೂ ಗೊತ್ತು. ಮನೆ ದುರಸ್ತಿಗೆ ಸರ್ಕಾರ ಮೂರು ಪಾಲು ಕೊಡಲಿ, ಒಂದು ಪಾಲನ್ನು ಸಂಘ ಬಡ್ಡಿಯಿಲ್ಲದ ಸಾಲವಾಗಿ ಕೊಡಲಿ, ಆ ಬಡ್ಡಿಯನ್ನು ಸರ್ಕಾರ ಕಟ್ಟಲಿ. ಕೈಲಾಗದವರಿಗೆ ಆ ಒಂದು ಪಾಲೂ ಬೇಡ, ಅದು ಯಾರು ಎಂಬುದನ್ನು ಓಣಿಯೇ ಹೇಳುತ್ತದೆ.

ಹಣಕ್ಕಿಂತ ಮುಂಚೆ ಬೇಕಾದದ್ದು ಒಂದು ಪುಸ್ತಕ. ಗ್ರಾಮೀಣ ವಸತಿ ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳ ವಿಷಯವಾಗಿ ಇದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಮನೆ, ನಿವೇಶನಗಳ ದಾಖಲೆ ಇಡುವ ಕೆಲಸವನ್ನು ಗ್ರಾಮ ಪಂಚಾಯ್ತಿಗೆ ವಹಿಸಿದೆ. ಈಗಿರುವ ದಾಖಲೆ ಮನೆ ಯಾರದು, ಕರ ಎಷ್ಟು ಎಂದು ಹೇಳುತ್ತದೆ. ಮನೆ ಹೇಗಿದೆ ಎಂದು ಹೇಳುವುದಿಲ್ಲ. ಅದೇ ಪುಸ್ತಕಕ್ಕೆ ಕೆಲವು ಕಾಲಂ ಸೇರಿಸಿದರೆ ಸಾಕು: ಕಟ್ಟಿದ ವರ್ಷ, ನೆಲ ಎರಿಯೋ ಮಸಾರಿಯೋ, ಛಾವಣಿ ಸೋರುತ್ತದೆಯೇ, ಕಬ್ಬಿಣ ಕಾಣುತ್ತಿದೆಯೇ, ಗೋಡೆಯ ಬಿರುಕು ಎಲ್ಲಿ. ತರಬೇತಿ ಪಡೆದ ಇಬ್ಬರು ಗೌಂಡಿಗಳು ಬೇಸಿಗೆಯ ಒಂದು ತಿಂಗಳಲ್ಲಿ ಊರು ಪೂರ್ತಿ ನೋಡಿ ಬರೆಯಬಲ್ಲರು. ಆ ಪುಸ್ತಕ ಇದ್ದರೆ ಪಂಚಾಯ್ತಿಯ ‘ನಮ್ಮ ಗ್ರಾಮ ನಮ್ಮ ಯೋಜನೆ’ಯಲ್ಲಿ ದುರಸ್ತಿಗೆ ಒಂದು ಸಾಲು ಬರೆಯಲು ಆಧಾರ ಸಿಗುತ್ತದೆ. ಪಟ್ಟಿಯ ಮೇಲಿಂದ ಕೆಳಗೆ, ಅಪಾಯ ಹೆಚ್ಚಿರುವ ಮನೆಯಿಂದ ಶುರು ಮಾಡಬಹುದು. ಯಾರ ಶಿಫಾರಸೂ ಬೇಕಾಗುವುದಿಲ್ಲ.

ಗಜೇಂದ್ರಗಡ, ರೋಣ, ನರಗುಂದ ತಾಲ್ಲೂಕುಗಳ ಓದುಗರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಗ್ರಾಮ ಸಭೆಗೆ ತಪ್ಪದೆ ಹೋಗಿ. ‘ಎಷ್ಟು ಮನಿ ಬಂದಾವ’ ಎಂದು ಎಲ್ಲರೂ ಕೇಳುತ್ತಾರೆ, ಕೇಳಲಿ. ನೀವು ಎದ್ದು ನಿಂತು, ಈ ಊರಲ್ಲಿ ಸರ್ಕಾರ ಕೊಟ್ಟ ಮನೆಗಳು ಎಷ್ಟು, ಅವುಗಳಲ್ಲಿ ಎಷ್ಟು ಸೋರುತ್ತವೆ, ಅವನ್ನು ಮುಂಗಾರಿಗೆ ಮುಂಚೆ ನೋಡುವವರು ಯಾರು ಎಂದು ಕೇಳಿ. ಕೇಳಿದ್ದನ್ನು ಠರಾವು ಪುಸ್ತಕದಲ್ಲಿ ಬರೆಸದೆ ಸಭೆಯಿಂದ ಏಳಬೇಡಿ.